ಎರಡು ಮಾಫಿ

ನಮ್ಮೂರ ಕಡೆ ಮಾಫಿ ಎಂದರೆ ಮನ್ನಾ. ಫೀಸು ಮಾಫಿ, ಬಡ್ಡಿ ಮಾಫಿ, ದಂಡ ಮಾಫಿ. ಮಂಗಳೂರಿನಲ್ಲಿ ವಿಮಾನ ಹತ್ತಿ ನಾಲ್ಕು ಗಂಟೆ ಕಳೆದು ಇಳಿದರೆ ಅದೇ ಸದ್ದಿಗೆ ಬೇರೆ ಅರ್ಥ. ಗಲ್ಫಿನ ಬೀದಿ ಅರಬಿಯಲ್ಲಿ ಮಾಫಿ ಎಂದರೆ ಇಲ್ಲ. ಮಾಫಿ ಫುಲೂಸ್, ದುಡ್ಡಿಲ್ಲ. ಮಾಫಿ ಮುಶ್ಕಿಲ್, ತೊಂದರೆಯಿಲ್ಲ. ಇಪ್ಪತ್ತು ವರ್ಷ ಅಲ್ಲಿದ್ದು ಬಂದ ನಮ್ಮವರ ಅರಬಿ ಬಹುಮಟ್ಟಿಗೆ ಈ ಕೊನೆಯ ಮಾತಿನಲ್ಲೇ ಶುರುವಾಗಿ ಅದರಲ್ಲೇ ಮುಗಿಯುತ್ತದೆ. ಬಾಡಿಗೆ ಏರಿದರೂ ಮಾಫಿ ಮುಶ್ಕಿಲ್. ಮಗ ಓದಲಾರದೆ ಒದ್ದಾಡುತ್ತಿದ್ದರೂ ಮಾಫಿ ಮುಶ್ಕಿಲ್.

ದುಬೈಯ ಒಂದು ಭಾರತೀಯ ಶಾಲೆಯಲ್ಲಿ ನಾನು ಹನ್ನೆರಡು ವರ್ಷ ವಿಜ್ಞಾನ ಕಲಿಸಿದವಳು. ಒಂದು ಮಾರ್ಚ್ ತಿಂಗಳಲ್ಲಿ ಆರನೇ ತರಗತಿಯ ಅರೇಬಿಕ್ ಪರೀಕ್ಷೆ. ತರಗತಿಯೂ ನನ್ನದೇ, ಆ ದಿನದ ಮೇಲ್ವಿಚಾರಣೆಯೂ ನನ್ನದೇ. ಹಿಂದಿನ ಬೆಂಚಿನಲ್ಲಿ ಕೂತ ಹುಡುಗ ಎರಡು ಗಂಟೆ ತಲೆ ಎತ್ತಲಿಲ್ಲ. ಅವನ ಪೇಪರು ತೆಗೆದುಕೊಳ್ಳುವಾಗ ನೋಡಿದೆ, ಅಕ್ಷರಗಳು ಮುತ್ತು ಪೋಣಿಸಿದ ಹಾಗಿದ್ದವು. ನನಗೆ ಅರಬಿ ಓದಲು ಬರುವುದಿಲ್ಲ. ಅಂತೂ ಹುಡುಗ ಈ ಸಲ ಓದಿಕೊಂಡು ಬಂದಿದ್ದಾನೆ ಎಂದು ಹಿಗ್ಗಿದೆ. ಸ್ಟಾಫ್ ರೂಮಿನಲ್ಲಿ ಅರೇಬಿಕ್ ಮೇಡಂ ಅದನ್ನು ನೋಡಿ ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ನಕ್ಕರು. ಅವನು ಬರೆದದ್ದು ಉತ್ತರವಾಗಿರಲಿಲ್ಲ. ಪ್ರಶ್ನೆಪತ್ರಿಕೆಯನ್ನೇ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಹಾಗೇ ಇಳಿಸಿದ್ದ, ಅಂಕಗಳ ಅಂಕಣದ ಸಮೇತ.

ಹುಡುಗ ಪಾಸಾದ. ಹೇಗೆಂದು ಕೇಳಬೇಡಿ. ಚಾರ್ಟು ಮಾಡಿದ್ದಕ್ಕೆ ಇಷ್ಟು, ನೋಟ್ ಬುಕ್ ಚೊಕ್ಕಟವಾಗಿ ಇಟ್ಟುಕೊಂಡಿದ್ದಕ್ಕೆ ಇಷ್ಟು, ಗಲಾಟೆ ಮಾಡದೆ ಕೂತಿದ್ದಕ್ಕೆ ಇಷ್ಟು. ಮೇಡಂ ಹೇಳಿದ್ದು ಅದೇ ಎರಡು ಶಬ್ದ. ನಾನೂ ತಲೆಯಾಡಿಸಿದೆ.

ಈಗ ವಿಷಯಕ್ಕೆ ಬರುತ್ತೇನೆ. ಎಮಿರೇಟ್ಸ್‌ನ ಖಾಸಗಿ ಶಾಲೆಗಳಲ್ಲಿ ಅರಬರಲ್ಲದ ಮಕ್ಕಳಿಗೂ ಒಂದರಿಂದ ಒಂಬತ್ತನೇ ತರಗತಿಯವರೆಗೆ ಅರೇಬಿಕ್ ಕಡ್ಡಾಯ. 2025ರಿಂದ ದುಬೈಯಲ್ಲಿ ನಾಲ್ಕು ವರ್ಷದ ಎಳೆಯರಿಗೂ ಅದನ್ನು ತಂದಿದ್ದಾರೆ. ಇದರ ಬಗ್ಗೆ ನಮ್ಮವರು ಆಡುವ ಮಾತು ನನಗೆ ಹಿಡಿಸುವುದಿಲ್ಲ. 'ಊರಿಗೆ ಹೋದ ಮೇಲೆ ಅರಬಿಯಿಂದ ಎಂತ ಉಪಯೋಗ?' ಅವರ ನೆಲದಲ್ಲಿ ದುಡಿದು, ಅವರ ರಸ್ತೆಯಲ್ಲಿ ಗಾಡಿ ಓಡಿಸಿ, ಊರಲ್ಲಿ ಮೂರು ಮಹಡಿ ಮನೆ ಕಟ್ಟಿದವರು ನಾವು. ಅವರು 'ನಮ್ಮ ನುಡಿಯನ್ನು ಸ್ವಲ್ಪ ಕಲಿಯಿರಿ' ಎಂದರೆ ಅದರಲ್ಲಿ ತಪ್ಪೇನು? 2015ರಲ್ಲಿ ಕನ್ನಡ ಭಾಷಾ ಕಲಿಕೆ ಕಾಯ್ದೆ ಮಾಡಿ, ರಾಜ್ಯದ ಶಾಲೆಗಳಲ್ಲಿ ಕನ್ನಡ ಕಲಿಯಲೇಬೇಕು ಎಂದವರು ನಾವೇ ತಾನೆ? ಆದ್ದರಿಂದ ನನ್ನ ತಕರಾರು ಕಡ್ಡಾಯದ ಮೇಲಿಲ್ಲ. ಅದರಿಂದ ಬಿಡುಗಡೆ ಬೇಕಾದ ಮಗುವಿಗೆ ಬಿಡುಗಡೆ ಕೊಡಿಸದೆ, ನಮಗೆ ನಾವೇ ಬಿಡುಗಡೆ ಕೊಟ್ಟುಕೊಳ್ಳುವ ಅಭ್ಯಾಸದ ಮೇಲೆ.

ಓದುವ ತೊಡಕಿರುವ ಮಗುವಿನ ಮುಂದೆ ಅರಬಿ ಅಕ್ಷರಮಾಲೆ ಹೇಗೆ ಕಾಣುತ್ತದೆ ಎಂದು ಒಂದು ಸಂಜೆ ಕೂತು ಯೋಚಿಸಿದ್ದೀರಾ? ಇಪ್ಪತ್ತೆಂಟು ಅಕ್ಷರ, ಅಷ್ಟೇ ತಾನೆ ಎನ್ನಬೇಡಿ. ಹೆಚ್ಚಿನವಕ್ಕೆ ಶಬ್ದದ ಮೊದಲಲ್ಲಿ ಒಂದು ರೂಪ, ನಡುವೆ ಒಂದು, ಕೊನೆಗೆ ಒಂದು, ಒಂಟಿಯಾಗಿ ನಿಂತರೆ ಇನ್ನೊಂದು. ಆರು ಅಕ್ಷರಗಳು ಮುಂದಿನದರ ಕೈ ಹಿಡಿಯುವುದೇ ಇಲ್ಲ, ಹಾಗಾಗಿ ಒಂದೇ ಶಬ್ದದ ಒಳಗೆ ಸಂದು ಬೀಳುತ್ತದೆ. ಬಾ, ತಾ, ಥಾ, ನೂನ್, ಯಾ, ಈ ಐದೂ ಶಬ್ದದ ನಡುವೆ ಬಂದಾಗ ಒಂದೇ ಪುಟ್ಟ ಹಲ್ಲು. ಕೆಳಗೆ ಒಂದು ಚುಕ್ಕಿಯಿದ್ದರೆ ಬಾ, ಮೇಲೆ ಎರಡಿದ್ದರೆ ತಾ, ಮೂರಿದ್ದರೆ ಥಾ, ಮೇಲೆ ಒಂದೇ ಇದ್ದರೆ ನೂನ್, ಕೆಳಗೆ ಎರಡಾದರೆ ಯಾ. ಚುಕ್ಕಿ ತಪ್ಪಿದರೆ ಶಬ್ದವೇ ಹೋಯಿತು. ಇನ್ನು ಹ್ರಸ್ವ ಸ್ವರಗಳನ್ನು ಬರೆಯುವುದೇ ಇಲ್ಲ. ಎಳೆಯರ ಪುಸ್ತಕದಲ್ಲಿ ಗುರುತು ಹಾಕಿರುತ್ತಾರೆ, ಮೇಲಿನ ತರಗತಿಗೆ ಹೋದಂತೆ ತೆಗೆದುಬಿಡುತ್ತಾರೆ. ಕ, ತ, ಬ ಎಂಬ ಮೂರು ವ್ಯಂಜನ ಬರೆದಿದ್ದರೆ ಅದು 'ಕತಬ', ಅಂದರೆ ಬರೆದ, ಎಂದೂ ಆದೀತು. 'ಕುತುಬ್', ಅಂದರೆ ಪುಸ್ತಕಗಳು, ಎಂದೂ ಆದೀತು. ಶಬ್ದ ಮೊದಲೇ ಗೊತ್ತಿದ್ದವನಿಗೆ ಮಾತ್ರ ಓದಲು ಬರುತ್ತದೆ. ನಮ್ಮ ಹುಡುಗನಿಗೆ ಶಬ್ದವೇ ಗೊತ್ತಿಲ್ಲ.

ಸಾಲು ಬಲದಿಂದ ಎಡಕ್ಕೆ ಹೋಗುತ್ತದೆ. ಆದರೆ ಅದೇ ಸಾಲಿನಲ್ಲಿ ಅಂಕಿ ಬಂದರೆ ಅದು ಎಡದಿಂದ ಬಲಕ್ಕೆ. ಅಲ್ಲಿನ ಅಂಕಿಗಳನ್ನು ನೋಡಿದವರಿಗೆ ಗೊತ್ತು, ಏಳು ಎಂದರೆ ಬಾಯಿ ತೆರೆದ ಬಾಣ, ಎಂಟು ಎಂದರೆ ಅದೇ ಬಾಣ ಬೋರಲು ಬಿದ್ದದ್ದು. ಐದು ನಮ್ಮ ಸೊನ್ನೆಯ ಹಾಗೆ, ಸೊನ್ನೆ ಬರೀ ಒಂದು ಚುಕ್ಕಿ. ಇಷ್ಟೂ ಸಾಲದೆಂದು ಮಗುವಿಗೆ ಬೆಳಿಗ್ಗೆ ಇಂಗ್ಲಿಷು, ಆಮೇಲೆ ಹಿಂದಿ, ವಾರಾಂತ್ಯದಲ್ಲಿ ಕನ್ನಡ ಪಾಠಶಾಲೆ. ಮನೆಯ ಮಾತು ತುಳುವೋ ಕೊಂಕಣಿಯೋ ಬ್ಯಾರಿಯೋ. ನಾಲ್ಕು ಲಿಪಿ, ಎರಡು ದಿಕ್ಕು. ಕನ್ನಡದಲ್ಲಿ ಸ್ವರವನ್ನು ಬಚ್ಚಿಡುವುದಿಲ್ಲ, ಬರೆದಂತೆ ಓದುತ್ತೇವೆ. ಆದರೂ ನಮ್ಮ ಕಾಗುಣಿತ, ಒತ್ತಕ್ಷರಗಳೆಲ್ಲ ಕೈವಶವಾಗಲು ಮೂರು ನಾಲ್ಕನೇ ತರಗತಿಯವರೆಗೂ ಹಿಡಿಯುತ್ತದೆ ಎಂದು ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ ಕನ್ನಡದ ಮಕ್ಕಳನ್ನೇ ಕೂರಿಸಿ ನೋಡಿ 2007ರಲ್ಲಿ ಬರೆದರು. ತೊಡಕಿಲ್ಲದ ಮಕ್ಕಳ ಮಾತು ಅದು.

ತೊಡಕು ಎಂದರೆ ದಡ್ಡತನವಲ್ಲ ಎಂಬುದು ನಿನ್ನೆ ಮೊನ್ನೆ ಕಂಡುಕೊಂಡ ಸಂಗತಿಯೂ ಅಲ್ಲ. 1896ರ ನವೆಂಬರಿನಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲೆಂಡಿನ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪರ್ಸಿ ಎಂಬ ಹದಿನಾಲ್ಕರ ಹುಡುಗನ ಬಗ್ಗೆ ಬರೆದರು. ಆಟದಲ್ಲಿ ಯಾರಿಗೂ ಕಮ್ಮಿಯಿಲ್ಲ, ಲೆಕ್ಕದಲ್ಲಿ ಸಲೀಸು. ತನ್ನ ಹೆಸರು ಬರೆಯುವಾಗ ಮಾತ್ರ ಎರಡು ಅಕ್ಷರ ಅದಲು ಬದಲು, ಬರೆದದ್ದು ತಪ್ಪೆಂಬುದೂ ಕಣ್ಣಿಗೆ ಬೀಳದು. ಪಾಠವೆಲ್ಲ ಬಾಯಲ್ಲೇ ನಡೆದರೆ ಶಾಲೆಯಲ್ಲಿ ಇವನೇ ಜಾಣ ಎಂದು ಅವನ ಮೇಷ್ಟ್ರು ಹೇಳಿದ್ದನ್ನೂ ಆ ವೈದ್ಯರು ದಾಖಲಿಸಿದ್ದಾರೆ. ಕಣ್ಣಿನ ದೋಷ ಇದರ ಮೂಲವಲ್ಲ. ಅಕ್ಷರಕ್ಕೂ ಸದ್ದಿಗೂ ಗಂಟು ಹಾಕುವ ಜಾಗದಲ್ಲಿ ಬಿಗಿ ಸಾಲದು. ಹಾಗಾಗಿ ಕನ್ನಡಕದ ಅಂಗಡಿಗೆ ಓಡುವವರು ಅಲ್ಲಿಂದ ಖಾಲಿ ಕೈಯಲ್ಲೇ ಬರುತ್ತಾರೆ. ನೂರಿಪ್ಪತ್ತೈದು ವರ್ಷ ದಾಟಿದ ಈ ತಿಳಿವಳಿಕೆ ನಮ್ಮ ಪೇರೆಂಟ್ಸ್ ಮೀಟಿಂಗಿಗೆ ಇನ್ನೂ ತಲುಪಿಲ್ಲ.

ಅಲ್ಲಿ ನಾನು ಕೇಳಿದ್ದು ಬೇರೆಯೇ ಮಾತುಗಳು. 'ಟೀಚರೇ, ಅವನಿಗೆ ಮಂಡೆ ಉಂಟು, ಉದಾಸೀನ ಮಾಡುದು ಅಷ್ಟೆ.' 'ಇವನ ಅಪ್ಪನೂ ಹೀಗೇ ಇದ್ದದ್ದಂತೆ, ಈಗ ನೋಡಿ, ಎರಡು ಅಂಗಡಿ.' 'ಇನ್ನೊಂದು ಟ್ಯೂಶನ್ ಹಾಕ್ತೇವೆ.' ಹೆಣ್ಣು ಮಗುವಾದರೆ ದನಿ ತಗ್ಗಿಸಿ, 'ರಿಪೋರ್ಟು ಗಿಪೋರ್ಟು ಬೇಡ ಮೇಡಂ, ನಾಳೆ ಊರಲ್ಲಿ ಗೊತ್ತಾದರೆ ಸಂಬಂಧಕ್ಕೆ ಕಷ್ಟ.' ಹನ್ನೊಂದು ವರ್ಷದ ಹುಡುಗಿ. ಅವಳು ಓದಲಾರದೆ ರಾತ್ರಿ ಹಾಸಿಗೆಯಲ್ಲಿ ಅಳುವುದು ಇವರಿಗೆ ಕಷ್ಟವಲ್ಲ. ಇನ್ನೂ ಹುಟ್ಟದ ಸಂಬಂಧಕ್ಕೆ ಕಷ್ಟ.

2007ರಲ್ಲಿ ಓದುವ ತೊಡಕಿನ ಹುಡುಗನ ಸಿನಿಮಾ 'ತಾರೇ ಜಮೀನ್ ಪರ್' ನೋಡಿ ಕಣ್ಣೀರು ಹಾಕದ ಗಲ್ಫ್ ಕುಟುಂಬ ನನಗೆ ಸಿಕ್ಕಿಲ್ಲ. ಮಾಲ್‌ನ ಥಿಯೇಟರಿನಲ್ಲಿ ಅತ್ತು, ಅಲ್ಲೇ ಊಟ ಮುಗಿಸಿ, ಕಾರಿನಲ್ಲಿ ಕೂತ ಮೇಲೆ ಹಿಂದಿನ ಸೀಟಿನ ಮಗುವಿಗೆ 'ಅರೇಬಿಕ್ ಟೆಸ್ಟಲ್ಲಿ ಎಷ್ಟು ಬಂತು?' ಎಂದು ಕೇಳಿದವರೂ ಇವರೇ. ಪರದೆಯ ಮೇಲಿನ ಮಗುವಿಗೆ ಕಣ್ಣೀರು ಧಾರಾಳ. ಸ್ವಂತ ಮಗುವಿಗೆ ಕೆಲವು ಸಾವಿರ ದಿರ್ಹಮ್ ಖರ್ಚು ಮಾಡಿ ಮನಶ್ಶಾಸ್ತ್ರಜ್ಞರ ಹತ್ತಿರ ಪರೀಕ್ಷೆ ಮಾಡಿಸಿ ಎಂದರೆ ಅದು 'ಸುಮ್ಮನೆ ದುಡ್ಡು ಹೊಡೆಯುವ ದಂಧೆ'. ದುಬಾರಿ ಎನ್ನುವುದು ನಿಜ. ತಿಂಗಳ ಸಂಬಳ ಊರಿಗೆ ಕಳಿಸಿ ಉಳಿದದ್ದರಲ್ಲಿ ಬಾಡಿಗೆ ಕಟ್ಟುವವರ ಸಂಕಟ ನನಗೆ ಗೊತ್ತು, ಅವರನ್ನು ನಾನು ಬಯ್ಯುತ್ತಿಲ್ಲ. ಪ್ರತಿ ಡಿಸೆಂಬರಿಗೆ ಹೊಸ ಫೋನು ಕೊಳ್ಳುವವರಿಗೆ ಹೇಳುತ್ತಿದ್ದೇನೆ.

ಕಾನೂನು ನಿಮ್ಮ ವಿರುದ್ಧ ನಿಂತಿದೆ ಎಂದೂ ಹೇಳುವ ಹಾಗಿಲ್ಲ. ಅಂಗವೈಕಲ್ಯವುಳ್ಳವರ ಶಿಕ್ಷಣದ ಹಕ್ಕನ್ನು ಎಮಿರೇಟ್ಸ್ 2006ರ ಕಾನೂನಿನಲ್ಲೇ ಬರೆದಿಟ್ಟಿದೆ. ದುಬೈ 2014ರಲ್ಲಿ ತನ್ನದೇ ಇನ್ನೊಂದು ಕಾನೂನು ಮಾಡಿತು. 2017ರಲ್ಲಿ ಇಂಥವರನ್ನು 'ಅಸ್‌ಹಾಬ್ ಅಲ್ ಹಿಮಮ್', ಅಂದರೆ ಛಲವಂತರು, ಎಂದೇ ಕರೆಯಬೇಕೆಂದು ಸರ್ಕಾರವೇ ಹೇಳಿತು. ಅದೇ ವರ್ಷ ದುಬೈಯಲ್ಲಿ ಎಲ್ಲರನ್ನೂ ಒಳಗೊಳ್ಳುವ ಶಿಕ್ಷಣಕ್ಕೆ ಒಂದು ನೀತಿ ಚೌಕಟ್ಟೂ ಬಂತು. ನಾನು ಕಂಡಂತೆ ದಾರಿ ಇಷ್ಟೆ: ಪರಿಣತರ ವರದಿ, ತಂದೆ ತಾಯಿಯ ಒಪ್ಪಿಗೆ, ತರಗತಿಯ ಟೀಚರ್ ಬರೆದ ಟಿಪ್ಪಣಿ, ಶಾಲೆಯಿಂದ ಮೇಲಕ್ಕೆ ಅರ್ಜಿ. ಇಲ್ಲಿ ನಮ್ಮವರು ಇನ್ನೊಂದು ಕಡೆ ಎಡವುತ್ತಾರೆ. ಸಿಬಿಎಸ್‌ಇ ಇಂಥ ಮಕ್ಕಳಿಗೆ ಮೂರನೇ ಭಾಷೆಯಿಂದ ವಿನಾಯಿತಿ ಕೊಡುತ್ತದೆ, ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ ಹೆಚ್ಚು ಕೊಡುತ್ತದೆ, ಬರೆದುಕೊಡುವವರನ್ನೂ ಒಪ್ಪುತ್ತದೆ. ಅದನ್ನು ಎಲ್ಲೋ ಕೇಳಿಸಿಕೊಂಡು 'ನಮ್ಮದು ಸಿಬಿಎಸ್‌ಇ ಅಲ್ವಾ, ತನ್ನಿಂದ ತಾನೇ ಆಗ್ತದೆ' ಎಂದು ಕೂತುಬಿಡುತ್ತಾರೆ. ಅರೇಬಿಕ್ ಕಡ್ಡಾಯ ಮಾಡಿದ್ದು ದೆಹಲಿಯ ಮಂಡಳಿ ಅಲ್ಲ. ಅದನ್ನು ಕೇಳಬೇಕಾದ ಬಾಗಿಲೇ ಬೇರೆ, ತಟ್ಟಬೇಕಾದವರು ನೀವು.

ಶಾಲೆಗಳಿಗೂ ನಾಲ್ಕು ಮಾತು ಹೇಳಬೇಕು. ಅರ್ಜಿ ಹೋದರೆ ಕಡತ ಬೆಳೆಯುತ್ತದೆ, ಕಡತ ಬೆಳೆದರೆ ಇನ್‌ಸ್ಪೆಕ್ಷನ್ ದಿನ ಪ್ರಶ್ನೆ ಬರುತ್ತದೆ. ಅದಕ್ಕಿಂತ ಮೂವತ್ತೈದು ಅಂಕ ಹಾಕಿ ಮುಂದೆ ದಾಟಿಸುವುದು ಸುಲಭ. ಒಂದನೇ ತರಗತಿಯಿಂದ ಒಂಬತ್ತರವರೆಗೆ ಹೀಗೆ ದಾಟಿಸಿದ ಮಗುವಿನ ಕೈಯಲ್ಲಿ ಕೊನೆಗೆ ಏನು ಉಳಿಯುತ್ತದೆ? ಅರಬಿಯೂ ಇಲ್ಲ, ತನಗೆ ಏನಾಗಿದೆ ಎಂಬ ತಿಳಿವೂ ಇಲ್ಲ. ತಾನು ಮೋಸದಿಂದ ಪಾಸಾದವನು ಎಂಬ ಅಳುಕು ಮಾತ್ರ ಇದೆ. ಮಕ್ಕಳಿಗೆ ಗೊತ್ತಾಗುವುದಿಲ್ಲ ಎಂದುಕೊಂಡಿದ್ದೀರಾ? ಪ್ರಶ್ನೆಪತ್ರಿಕೆ ಇಳಿಸಿ ಐವತ್ತಕ್ಕೆ ಇಪ್ಪತ್ತೊಂದು ಪಡೆದವನಿಗೆ ಆ ಇಪ್ಪತ್ತೊಂದರ ಬೆಲೆ ನಿಮಗಿಂತ ಚೆನ್ನಾಗಿ ಗೊತ್ತು.

ಅರಬರಿಗೂ ಈ ಸುಳ್ಳು ಪಾಸಿನ ಕತೆ ಹೊಸದಲ್ಲ. ಈಜಿಪ್ಟಿನ ತಾಹಾ ಹುಸೇನ್ ಹುಟ್ಟಿದ್ದು 1889ರಲ್ಲಿ. ಎಳವೆಯಲ್ಲೇ ಕಣ್ಣು ಕಳೆದುಕೊಂಡವರು. ಹಳ್ಳಿಯ ಮಕ್ತಬಿನಲ್ಲಿ ಕಿವಿಯಿಂದ ಕೇಳಿಯೇ ಕುರ್‌ಆನ್ ಬಾಯಿಪಾಠ ಮಾಡಿದರು. ಒಂಬತ್ತು ತುಂಬುವ ಮೊದಲೇ ಮನೆಯವರು ಅವರನ್ನು ಶೇಖ್ ಎಂದು ಕರೆದರು. ಉಸ್ತಾದರೂ ಬೀಗಿದರು, ಆಮೇಲೆ ಆ ಕಡೆ ತಿರುಗಿ ನೋಡಲಿಲ್ಲ. ಒಂದು ದಿನ ತಂದೆ ಬಂದವರ ಮುಂದೆ ಕೂರಿಸಿ ಹೇಳು ಮಗನೇ ಎಂದರೆ ಹುಡುಗನ ಬಾಯಿಂದ ಮುಂದಿನ ಮಾತು ಹೊರಡಲಿಲ್ಲ. ಎಲ್ಲ ಮರೆತುಹೋಗಿತ್ತು. ನಾಚಿಕೆ ಪಟ್ಟದ್ದು ಮಗು, ಉದಾಸೀನ ಮಾಡಿದ್ದು ದೊಡ್ಡವರು. ತಮ್ಮ ಬಾಲ್ಯದ ಕತೆ 'ಅಲ್ ಅಯ್ಯಾಮ್'ನಲ್ಲಿ ಅವರು ಇದನ್ನು ಬಿಡಿಸಿ ಬರೆದಿದ್ದಾರೆ. ಅದೇ ಹುಡುಗ 1950ರಲ್ಲಿ ಈಜಿಪ್ಟಿನ ಶಿಕ್ಷಣ ಮಂತ್ರಿಯಾದ, ಶಿಕ್ಷಣ ಎಂದರೆ ನೀರು ಗಾಳಿಯ ಹಾಗೆ ಎಲ್ಲರಿಗೂ ಸಿಗಬೇಕಾದದ್ದು ಎಂದು ಹೋರಾಡಿದ. ಕಣ್ಣಿಲ್ಲದವನಿಗೆ ಕಿವಿಯಿಂದ ಕಲಿಯುವ ದಾರಿ ಇದ್ದ ನಾಡಿನ ಭಾಷೆ ಅರಬಿ. ನಮ್ಮ ಭಟ್ಕಳದ, ಉಳ್ಳಾಲದ ಎಷ್ಟೋ ಹುಡುಗರು ಮದ್ರಸಾದಲ್ಲಿ ಸೂರಾಗಳನ್ನು ಕೇಳಿ ಕೇಳಿ ತಪ್ಪಿಲ್ಲದೆ ಒಪ್ಪಿಸುತ್ತಾರೆ, ಶಾಲೆಯಲ್ಲಿ ಅದೇ ಅಕ್ಷರಗಳನ್ನು ಕಂಡರೆ ಬೆವರುತ್ತಾರೆ. ಅಲ್ಲಿ ಒಪ್ಪಿಸುವವನೂ ಇಲ್ಲಿ ಬೆವರುವವನೂ ಒಬ್ಬನೇ ಹುಡುಗ ಎಂಬುದು ಉಸ್ತಾದರಿಗೂ ಗೊತ್ತಿಲ್ಲ, ಟೀಚರಿಗೂ ಗೊತ್ತಿಲ್ಲ. ಇಬ್ಬರೂ ಒಮ್ಮೆ ಫೋನಿನಲ್ಲಿ ಮಾತಾಡಿದ್ದರೆ ಸಾಕಿತ್ತು.

ಇನ್ನೊಂದು ಜಾತಿಯ ಪೋಷಕರಿದ್ದಾರೆ, ಅವರಿಗೆ ಸಿಟ್ಟು ಬಂದರೂ ಪರವಾಗಿಲ್ಲ. ಮಗು ಇಂಗ್ಲಿಷನ್ನು ನೀರು ಕುಡಿದಂತೆ ಓದುತ್ತದೆ, ಹಿಂದಿಯಲ್ಲಿ ತೊಂಬತ್ತು. ಅರೇಬಿಕ್ ಮಾತ್ರ ಬೇಡ, ಟೋಟಲ್ ಕೆಡುತ್ತದೆ. 'ಒಂದು ಸರ್ಟಿಫಿಕೇಟು ಮಾಡಿಸಿಕೊಡಿ ಟೀಚರ್.' ಓದುವ ತೊಡಕು ಸಾಮಾನ್ಯವಾಗಿ ಒಂದು ಭಾಷೆಯನ್ನು ಮಾತ್ರ ಆರಿಸಿಕೊಂಡು ಬರುವುದಿಲ್ಲ. ಲಿಪಿ ಯಾವುದಾದರೂ ತನ್ನ ನೆರಳು ಬಿಡುತ್ತದೆ. ಅರೇಬಿಕ್‌ನಲ್ಲಿ ಮಾತ್ರ ಸೋಲುವ ಮಗುವಿಗೆ ಬೇಕಾದದ್ದು ಒಳ್ಳೆಯ ಅರೇಬಿಕ್ ಟೀಚರ್. ಇಂಥವರು ತಂದ ಒಂದೊಂದು ಹುಸಿ ವರದಿಯೂ ನಿಜವಾದ ಮಗುವಿನ ವರದಿಯ ಮೇಲೆ ಅನುಮಾನದ ಮೊಹರು ಒತ್ತುತ್ತದೆ.

ವಿನಾಯಿತಿ ಸಿಕ್ಕ ಮೇಲೆ ಏನು? ನಾನು ಕಂಡ ಮಕ್ಕಳಲ್ಲಿ ಹೆಚ್ಚಿನವರು ಅರೇಬಿಕ್ ಪೀರಿಯಡ್ಡಿನಲ್ಲಿ ಲೈಬ್ರರಿಯಲ್ಲಿ ಪೇಪರು ಜೋಡಿಸುತ್ತಿದ್ದರು, ಇಲ್ಲವೇ ರಿಸೆಪ್ಶನ್ನಿನ ಸೋಫಾದಲ್ಲಿ ಕಾಲು ಆಡಿಸುತ್ತಿದ್ದರು. ವಾರಕ್ಕೆ ನಾಲ್ಕು ಪೀರಿಯಡ್ ಎಂದಿಟ್ಟುಕೊಳ್ಳಿ, ವರ್ಷಕ್ಕೆ ನೂರು ದಾಟುತ್ತದೆ. ಆ ನೂರು ಪೀರಿಯಡ್ಡಿನಲ್ಲಿ ಒಂದು ಭಾಷೆಯನ್ನಾದರೂ ಸದ್ದು ಸದ್ದಾಗಿ ಬಿಡಿಸಿ, ಅಕ್ಷರಕ್ಕೆ ಕೂಡಿಸಿ, ನಿಧಾನವಾಗಿ ಓದಲು ಕಲಿಸಬಹುದಿತ್ತು. ವಿನಾಯಿತಿ ಕೇಳಿದ್ದೇ ಅದಕ್ಕೆ. ಇನ್ನು ಓದು ಬರಹದಿಂದ ಬಿಡಿಸಿದರೆ ಮಾತಿನಿಂದಲೂ ಬಿಡಿಸಬೇಕೆಂದು ಯಾರು ಹೇಳಿದರು? ಆ ಮಕ್ಕಳು ಅರಬಿಯನ್ನು ಕೇಳಿ ಆಡಬಲ್ಲರು, ನಮಗಿಂತ ಚೆನ್ನಾಗಿ. ಒಂಬತ್ತು ವರ್ಷ ಅರೇಬಿಕ್ ಬರೆದು ಎ ಗ್ರೇಡ್ ಪಡೆದವರು ಅಂಗಡಿಯಲ್ಲಿ ಒಂದು ಬಾಟಲಿ ನೀರು ಅರಬಿಯಲ್ಲಿ ಕೇಳಲಾರರು, ಅದು ಬೇರೆ ಮಾತು.

ಊರಿಗೆ ಮರಳಿದ ಮೇಲೂ ಈ ಚಾಳಿ ಬಿಡುವುದಿಲ್ಲ. ನಮ್ಮ ದೇಶದ 2016ರ ಕಾಯ್ದೆ ಕಲಿಕೆಯ ತೊಡಕನ್ನು ಇಪ್ಪತ್ತೊಂದು ಅಂಗವೈಕಲ್ಯಗಳಲ್ಲಿ ಒಂದೆಂದು ಹೆಸರಿಸಿದೆ. ಪ್ರಮಾಣಪತ್ರಕ್ಕೆ ಎಂಟು ವರ್ಷ ತುಂಬಿದರೆ ಸಾಕು. ಹದಿನಾಲ್ಕಕ್ಕೆ, ಹದಿನೆಂಟಕ್ಕೆ ಮತ್ತೆ ಪರೀಕ್ಷೆ. ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆಂದೇ ಪರೀಕ್ಷೆಗಳ ಗುಚ್ಛವೊಂದನ್ನು ಸಿದ್ಧಮಾಡಿದೆ. ಎಂಟಕ್ಕೆ ಹೋಗಬಹುದಾದವರು ಹತ್ತನೇ ತರಗತಿಯ ಜನವರಿಯಲ್ಲಿ, ಹಾಲ್ ಟಿಕೆಟ್ ಬರುವ ಹೊತ್ತಿಗೆ, ಕಡತ ಹಿಡಿದು ಓಡಾಡುವುದನ್ನು ಈಗಲೂ ನೋಡುತ್ತಿದ್ದೇನೆ. ಪರಿಚಯದ ಒಬ್ಬರು ಕಳೆದ ವರ್ಷ ನನ್ನ ಮನೆಗೆ ಬಂದು, 'ಟೀಚರೇ, ನಿಮಗೆ ಅಲ್ಲಿ ಯಾರಾದರೂ ಗೊತ್ತುಂಟಾ, ಬೇಗ ಮಾಡಿಸಿಕೊಡುವವರು?' ಎಂದರು. ಗೊತ್ತಿಲ್ಲ ಎಂದೆ. ಮಗು ಒಳಗೆ ಬರದೆ ಅಂಗಳದಲ್ಲೇ ನಿಂತಿತ್ತು.

ಇಷ್ಟೆಲ್ಲ ಬಯ್ಯಲು ನನಗೇನು ಅಧಿಕಾರ ಎಂದು ಕೇಳಿದರೆ ಉತ್ತರವಿಲ್ಲ. ಪ್ರಶ್ನೆಪತ್ರಿಕೆ ಇಳಿಸಿದ ಆ ಹುಡುಗನ ತಾಯಿ ಸಾಲ ಮಾಡಿ ಅವನನ್ನು ಪರೀಕ್ಷೆ ಮಾಡಿಸಿದ್ದರು. ಏಳನೇ ತರಗತಿಯಲ್ಲೂ ಅವನು ನನ್ನದೇ ಕ್ಲಾಸಿನಲ್ಲಿದ್ದ. ಜೂನಿನಲ್ಲಿ ವರದಿ ಬಂತು, ಹದಿನಾಲ್ಕು ಪುಟ. ಜೊತೆಗೆ ವಿನಾಯಿತಿಯ ಅರ್ಜಿ. ತಂದೆಯ ಸಹಿ ಇತ್ತು, ತಾಯಿಯ ಸಹಿ ಇತ್ತು, ತರಗತಿ ಟೀಚರಿನ ಟಿಪ್ಪಣಿಗೆಂದು ಬಿಟ್ಟ ಅರ್ಧ ಪುಟ ಖಾಲಿಯಿತ್ತು. ನನಗೆ ಪೋರ್ಷನ್ ಮುಗಿಸುವ ಗಡಿಬಿಡಿ, ಆಮೇಲೆ ಬೇಸಿಗೆ ರಜೆ, ಆಮೇಲೆ ಸೈನ್ಸ್ ಎಕ್ಸಿಬಿಷನ್. ಆ ತಾಯಿ ಗೇಟಿನ ಹತ್ತಿರ ಎರಡು ಸಲ ಸಿಕ್ಕರು. ಎರಡು ಸಲವೂ 'ಆಗ್ತದೆ ಅಮ್ಮ, ಮಾಫಿ ಮುಶ್ಕಿಲ್' ಎಂದೆ. ನವೆಂಬರಿನಲ್ಲಿ ಮೇಜು ಖಾಲಿ ಮಾಡುವಾಗ ಲ್ಯಾಬ್ ಮ್ಯಾನುಯಲ್ಲಿನ ಕೆಳಗೆ ಆ ಹಾಳೆ ಸಿಕ್ಕಿತು. ಅರ್ಧ ವಾರ್ಷಿಕ ಪರೀಕ್ಷೆಯ ಅರೇಬಿಕ್ ಪೇಪರು ಮುಗಿದು ಆಗ ಎರಡು ತಿಂಗಳಾಗಿತ್ತು.